ಹೇಮಾವತಿ ಕೊಟ್ಟ ಕಾಲ್‌ಷೀಟ್

ತಾರೆಯರ ಕಾಲ್‌ಷೀಟ್ ಸಿಗುವುದು ಎಷ್ಟು ಕಷ್ಟ ಅನ್ನೋದನ್ನ ಈ ಪತ್ರಿಕೆ ಓದುವ ನಿಮಗೆ ನಾನು ಹೊಸದಾಗಿ ಹೇಳಬೇಕಾಗಿಲ್ಲ. ಬೆಳ್ಳಂಬೆಳಿಗ್ಗೆ ಬಂದು ಬಾಗಿಲಲ್ಲಿ ಕೂತ ನಿರ್ಮಾಪಕನಿಗೆ ಮ್ಯಾನೇಜರ್ ಮಹಾಶಯ 'ಮುಂದಿನ ತಿಂಗಳು ನೋಡೋಣ' ಅಂದುಬಿಡ್ತಾನೆ. ಆದರೆ ಯಾವ ಮ್ಯಾನೇಜರನಿಗೂ, ಯಾವ ನಿರ್ಮಾಪಕನಿಗೂ ಬಗ್ಗದ ಒಂದು ಜಾಗ ಹಾಸನ ಜಿಲ್ಲೆಯಲ್ಲಿದೆ. ಅಲ್ಲಿ ಡೇಟು ಕೊಡುವವಳು ಹೇಮಾವತಿ ನದಿ! ಮುಂಗಾರು ಚೆನ್ನಾಗಿ ಸುರಿದರೆ ವರ್ಷದ ಕೆಲವು ತಿಂಗಳು ಅದು ನೀರಿನೊಳಗೆ. ಉಳಿದ ತಿಂಗಳು ನೆಲದ ಮೇಲೆ. ಮಳೆ ಕೈಕೊಟ್ಟಿತೋ, ವರ್ಷವಿಡೀ ಒಣ ನೆಲ. ಈ ವರ್ಷ ಯಾವ ಸೀನು ಸಿಗುತ್ತೆ ಅನ್ನೋದು ಪಶ್ಚಿಮ ಘಟ್ಟದ ಮೋಡಗಳಿಗೇ ಗೊತ್ತು.

ಅದೇ ಶೆಟ್ಟಿಹಳ್ಳಿಯ ಇಗರ್ಜಿ. ಜಪಮಾಲೆ ಮಾತೆಯ ಹೆಸರಿನದು. ರೋಸರಿ ಚರ್ಚ್ ಅಂದರೆ ಬೇಗ ತಿಳಿಯುತ್ತೆ. ಹೆಸರು ಕೇಳದವರಿಗೂ ಇದರ ಮುಖ ಪರಿಚಯ ಇದ್ದೇ ಇರುತ್ತೆ. ಸುತ್ತ ನೀರು, ನಡುವೆ ಸೂರಿಲ್ಲದ ಎತ್ತರದ ಗೋಡೆಗಳು, ಸಾಲಾಗಿ ಚೂಪು ತುದಿಯ ಕಮಾನುಗಳು. ಕ್ಯಾಲೆಂಡರಿನಲ್ಲೋ, ಯಾರದೋ ಮದುವೆಗೆ ಮುಂಚಿನ ಆಲ್ಬಮ್ಮಿನಲ್ಲೋ, ಗೆಳೆಯನ ಮೊಬೈಲಿನಲ್ಲಿ ಅರ್ಧ ನಿಮಿಷ ಓಡುವ ರೀಲಿನಲ್ಲೋ ನೋಡಿರುತ್ತೀರಿ. 'ಇದು ಫಾರಿನ್ನು' ಅಂತ ಬೆಟ್ಟು ಕಟ್ಟಿದವರೂ ಇದ್ದಾರೆ. ಫಾರಿನ್ನೂ ಅಲ್ಲ, ಸೆಟ್ಟೂ ಅಲ್ಲ ಸ್ವಾಮೀ, ಹಾಸನದಿಂದ ಸುಮಾರು 20 ಕಿಲೋಮೀಟರು!

ಈ ಇಗರ್ಜಿಯ ಎರಡೂ ವೇಷ ನೋಡಬೇಕೆಂದು ನಾನು ಎರಡು ಸಲ ಹೋಗಿ ಬಂದೆ. ಒಮ್ಮೆ ಅಕ್ಟೋಬರಿನಲ್ಲಿ, ನೀರು ತುಂಬಿದ್ದಾಗ. ಇನ್ನೊಮ್ಮೆ ಫೆಬ್ರವರಿಯಲ್ಲಿ, ನೀರು ಇಳಿದಾಗ. ಹೆಗಲಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ, ಜೊತೆಗೆ ಕಾಲು ಸಡಿಲವಾದ ಒಂದು ಟ್ರೈಪಾಡು.

ಬೆಲ್ಲ, ಮೊಟ್ಟೆ, ಸುಣ್ಣ

ಮೊದಲು ಸ್ವಲ್ಪ ಫ್ಲ್ಯಾಷ್‌ಬ್ಯಾಕ್.

1860ರ ದಶಕ. ಮೈಸೂರು ಸೀಮೆಯಲ್ಲಿ ಆಗ ಕ್ರೈಸ್ತ ಮಿಷನ್ ನಡೆಸುತ್ತಿದ್ದವರು ಪ್ಯಾರಿಸ್ಸಿನಿಂದ ಬಂದ ಫ್ರೆಂಚ್ ಪಾದ್ರಿಗಳು. ಆಲೂರು, ಸಕಲೇಶಪುರದ ಕಡೆ ಬ್ರಿಟಿಷ್ ದೊರೆಗಳು ಕಾಫಿ ತೋಟ ಮಾಡಿಕೊಂಡಿದ್ದ ಕಾಲ. ಹೇಮಾವತಿ ದಂಡೆಯ ಈ ಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು ತಮ್ಮೂರಿನ ಗಾಥಿಕ್ ಶೈಲಿಯಲ್ಲೇ ಇಗರ್ಜಿ ಎಬ್ಬಿಸಿದರು. ತೋಟದ ದೊರೆಗಳೂ ಬರಲಿ, ಊರಿನ ರೈತಾಪಿ ಜನರೂ ಬರಲಿ ಅಂತ.

ಗಾಥಿಕ್ ಅಂದರೆ ಏನು ಅಂತೀರಾ? ಕಮಾನಿನ ತುದಿ ಗುಂಡಗೆ ಇರೋಲ್ಲ. ಎರಡು ಅಂಗೈ ಜೋಡಿಸಿ ಕೈಮುಗಿದರೆ ಬೆರಳ ತುದಿ ಹೇಗೆ ಕೂಡುತ್ತೋ ಹಾಗೆ ಮೇಲೆ ಚೂಪಾಗಿ ಕೂಡುತ್ತೆ. ಭಾರವೆಲ್ಲ ಕಂಬಗಳ ಮೇಲೆ ಇಳಿಯೋದರಿಂದ ಗೋಡೆ ಎತ್ತರಕ್ಕೆ ಹೋಗಬಹುದು, ಕಿಟಕಿ ದೊಡ್ಡದಾಗಬಹುದು. ಒಳಗೆ ನಿಂತವನ ಕಣ್ಣು ತಾನಾಗಿ ಮೇಲಕ್ಕೆ ಹೋಗುತ್ತೆ. ನಮ್ಮ ಸಿನಿಮಾದವರು ನಾಯಕನ ಎಂಟ್ರಿಗೆ ಕ್ಯಾಮೆರಾನ ನೆಲಕ್ಕಿಟ್ಟು ಲೋ ಆ್ಯಂಗಲ್ ಹಿಡೀತಾರಲ್ಲ, ಆ ಕೆಲಸವನ್ನು ಈ ಮೇಸ್ತ್ರಿಗಳು ಇಟ್ಟಿಗೆಯಲ್ಲೇ ಮಾಡಿ ಮುಗಿಸಿದ್ದಾರೆ!

ಸಿಮೆಂಟು ಇಲ್ಲದ ಕಾಲ. ಸುಟ್ಟ ಇಟ್ಟಿಗೆ, ಸುಣ್ಣದ ಗಾರೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿ ಅರೆದರು ಅಂತ ಊರಿನವರು ಹೇಳ್ತಾರೆ. ಹಳೇ ಕಟ್ಟಡಗಳ ಬಗ್ಗೆ ನಮ್ಮಲ್ಲಿ ಎಲ್ಲ ಕಡೆ ಕೇಳುವ ಮಾತಿದು. ಬೆಲ್ಲ ಇರಲಿ ಬಿಡಲಿ, ವರ್ಷ ವರ್ಷ ನೀರಲ್ಲಿ ನೆಂದೂ ಆ ಗೋಡೆ ನಿಂತಿದ್ದನ್ನು ನೋಡಿದರೆ ಕಟ್ಟಿದವನ ಕೈಗೆ ಒಂದು ನಮಸ್ಕಾರ ಹಾಕಬೇಕು ಅನ್ಸುತ್ತೆ.

ಗೊರೂರಿನ ಕಟ್ಟೆ

ಇಂಟರ್‌ವಲ್ ಬಂದಿದ್ದು ಅಣೆಕಟ್ಟಿನ ರೂಪದಲ್ಲಿ.

ಹೇಮಾವತಿ ಹುಟ್ಟೋದು ಚಿಕ್ಕಮಗಳೂರು ಜಿಲ್ಲೆಯ ಬಲ್ಲಾಳರಾಯನ ದುರ್ಗದ ಸೀಮೆಯಲ್ಲಿ. ಸುಮಾರು 245 ಕಿಲೋಮೀಟರು ಹರಿದು ಕೃಷ್ಣರಾಜಸಾಗರದ ಬಳಿ ಕಾವೇರಿಗೆ ಸೇರುತ್ತಾಳೆ. ದಾರಿಯಲ್ಲಿ ಗೊರೂರಿನ ಹತ್ತಿರ ಅವಳಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದರು. 1979ರಲ್ಲಿ ಕೆಲಸ ಪೂರ್ತಿಯಾಯಿತು. ಕಟ್ಟೆಯ ಉದ್ದವೇ ನಾಲ್ಕೂವರೆ ಕಿಲೋಮೀಟರಿಗೂ ಹೆಚ್ಚು. ತುಂಬಿದರೆ ಸುಮಾರು 37 ಟಿಎಂಸಿ ನೀರು, 2922 ಅಡಿ ಮಟ್ಟ. ಆ ನೀರು ಹಿಂದಕ್ಕೆ ಹರಡಿ ಹೊಲ, ತೋಟ, ಹಳ್ಳಿಗಳನ್ನು ನುಂಗಿತು. ಶೆಟ್ಟಿಹಳ್ಳಿಯವರು ಗಂಟುಮೂಟೆ ಕಟ್ಟಿ ಎತ್ತರದ ನೆಲಕ್ಕೆ ಹೋದರು. ಇಗರ್ಜಿಗೆ ಕಾಲಿಲ್ಲ ನೋಡಿ, ಅದು ಅಲ್ಲೇ ನಿಂತಿತು.

ಗೊರೂರು ಅಂದ ತಕ್ಷಣ ಸಿನಿಮಾ ಪ್ರಿಯರಿಗೆ ಇನ್ನೊಂದು ನೆನಪಾಗಬೇಕು. ಗೊರೂರು ರಾಮಸ್ವಾಮಿ ಅಯ್ಯಂಗಾರ್! ಸಿದ್ದಲಿಂಗಯ್ಯನವರ 1974ರ 'ಭೂತಯ್ಯನ ಮಗ ಅಯ್ಯು' ಅವರ ಕಥೆ. ಲೋಕೇಶ್, ವಿಷ್ಣುವರ್ಧನ್ ಇಬ್ಬರೂ ಮೈಮರೆತು ನಟಿಸಿದ ಆ ಚಿತ್ರದ ಕೊನೆಯ ಪ್ರವಾಹ ಯಾರಿಗೆ ಮರೆಯುತ್ತೆ? ಮುಂದೆ 1977ರಲ್ಲಿ ಅದೇ ಸಿದ್ದಲಿಂಗಯ್ಯನವರು ಗೊರೂರರ ಕಥೆಯನ್ನೇ ಹಿಡಿದು 'ಹೇಮಾವತಿ' ತೆಗೆದರು. ಅದಾಗಿ ಎರಡು ವರ್ಷಕ್ಕೆ ನಿಜವಾದ ಹೇಮಾವತಿ ಕಟ್ಟೆಯ ಹಿಂದೆ ನಿಂತಳು.

ನೀರು ನಿಂತಿದ್ದು ತಪ್ಪು ಅಂತ ನಾನು ಹೇಳೋಕೆ ಹೊರಟಿಲ್ಲ. ಹಾಸನ, ಮಂಡ್ಯದ ಗದ್ದೆಗಳಿಗೆ ಈ ನೀರು ಬೇಕು. ನಾಲೆಯಲ್ಲಿ ತುಮಕೂರಿನ ತನಕ ಹೋಗುತ್ತೆ. ಅಲ್ಲಿ ನಲ್ಲಿ ತಿರುಗಿಸಿದವರು ಕುಡಿಯೋದು ಈ ನೀರನ್ನೇ. ಆದರೆ ಒಬ್ಬರ ಬಿಂದಿಗೆ ತುಂಬಬೇಕಾದರೆ ಇನ್ನೊಬ್ಬರ ಅಂಗಳ ಮುಳುಗಿರುತ್ತೆ. ಗಿರೀಶ ಕಾಸರವಳ್ಳಿಯವರ 'ದ್ವೀಪ' ನೋಡಿದವರಿಗೆ ಈ ಸಂಕಟ ಗೊತ್ತು. ನಾ. ಡಿಸೋಜ ಅವರ ಕಾದಂಬರಿ, ಸೌಂದರ್ಯ ಅವರದೇ ನಿರ್ಮಾಣ. ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು, ಎಚ್.ಎಂ. ರಾಮಚಂದ್ರ ಅವರ ಕ್ಯಾಮೆರಾಗೂ ಪ್ರಶಸ್ತಿ ಬಂತು. ಏರುವ ನೀರು, ಖಾಲಿಯಾಗುವ ಊರು, ಹೋಗಲೊಲ್ಲದ ಮುದುಕ... ಶೆಟ್ಟಿಹಳ್ಳಿಯಲ್ಲಿ ನನಗೆ ಆ ಚಿತ್ರ ಮತ್ತೆ ಮತ್ತೆ ನೆನಪಾಯ್ತು.

ನೀರಿನ ವೇಷ

ಅಕ್ಟೋಬರಿನ ಬೆಳಿಗ್ಗೆ ಆರು ಗಂಟೆ. ದಡದಲ್ಲಿ ನಿಂತರೆ ಎದುರಿಗೆ ಏನೂ ಇಲ್ಲ, ಬರೀ ಮಂಜು. ಹತ್ತು ನಿಮಿಷಕ್ಕೆ ಮಂಜಿನೊಳಗೆ ಒಂದು ಗೆರೆ ಮೂಡಿತು. ಆಮೇಲೆ ಒಂದು ಕಮಾನು. ಆಮೇಲೆ ಎರಡು, ಮೂರು. ಕೆಳಗೆ ನೀರಿನಲ್ಲಿ ಅಷ್ಟೇ ಕಮಾನುಗಳು ತಲೆಕೆಳಗಾಗಿ. ಬಾಗಿಲು, ಮೆಟ್ಟಿಲು ಎಲ್ಲ ನೀರಿನಡಿ. ಮೇಲಿನ ಭಾಗ ಮಾತ್ರ ತೇಲುವ ಹಾಗೆ ಕಾಣ್ತಿತ್ತು.

ಈ ಜಾಗದಲ್ಲಿ ಫೋಟೋ ಹಿಡಿಯೋರಿಗೆ ಒಂದು ಮಾತು. ಸೂರ್ಯ ಮೇಲೆ ಬಂದು ಗಾಳಿ ಎದ್ದಿತೋ, ನೀರು ಅಲ್ಲಾಡಿ ಪ್ರತಿಬಿಂಬ ಒಡೆದು ಚೂರಾಗುತ್ತೆ. ಆದ್ದರಿಂದ ಬೆಳಗಿನ ಮೊದಲ ಒಂದೂವರೆ ಗಂಟೆಯೇ ಬಂಗಾರ. ಬೆಳಕಿಗೆ ಎದುರಾಗಿ ಹಿಡಿದರೆ ಇಗರ್ಜಿ ಕಪ್ಪು ನೆರಳಾಗಿ ಬರುತ್ತೆ, ಕಮಾನುಗಳಲ್ಲಿ ಆಕಾಶ ಮಾತ್ರ ಹೊಳೆಯುತ್ತೆ. ಇಟ್ಟಿಗೆಯ ಕೆಂಪು ಬೇಕು ಅಂದರೆ ಬೆಳಕನ್ನು ಬೆನ್ನಿಗೆ ಮಾಡಿಕೊಳ್ಳಿ. ಹತ್ತಿರ ಹೋಗುವ ಆಸೆಗೆ ನೀರಿಗೆ ಇಳಿಯಬೇಡಿ. ಕೆಳಗೆ ಕೆಸರಿದೆ, ಬಿದ್ದ ಇಟ್ಟಿಗೆ ಇದೆ, ಆಳ ಗೊತ್ತಾಗೋದಿಲ್ಲ.

ಬಲೆ ಎತ್ತಲು ಹೊರಟ ಒಬ್ಬ ಮೀನಿನವ ತೆಪ್ಪದಲ್ಲಿ ನನ್ನನ್ನೂ ಕೂರಿಸಿಕೊಂಡ. ಗೋಡೆಗೆ ತಾಕದ ಹಾಗೆ ಒಂದು ಸುತ್ತು ಹೊಡೆಸಿದ. ಕಮಾನಿನ ತುದಿಯಲ್ಲಿ ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ತಾ ಕೂತಿತ್ತು. ಒಳಗೆ ನೋಡಿದರೆ ಗೋಡೆಯಿಂದ ಗೋಡೆಗೆ ಹಸಿರು ನೀರು. ತೆಪ್ಪ ಎಬ್ಬಿಸಿದ ಸಣ್ಣ ಅಲೆ ಆ ಕಡೆ ಗೋಡೆಗೆ ಹೋಗಿ ಬಡಿದ ಸದ್ದು ಕೇಳಿಸ್ತು. ಅಷ್ಟೇ ಸದ್ದು.

'ಈ ತಿಂಗಳೇ ಕಣ್ಲಾ ಮಾತೆ ಹಬ್ಬ' ಅಂದ ತೆಪ್ಪದವ.

ಅವನು ಹೇಳಿದ್ದು ಸರಿ. ಅಕ್ಟೋಬರ್ ತಿಂಗಳು ಕಥೋಲಿಕರಿಗೆ ಜಪಮಾಲೆಯ ತಿಂಗಳು, 7ನೇ ತಾರೀಕು ಜಪಮಾಲೆ ಮಾತೆಯ ಹಬ್ಬ. ಯಾರ ಹೆಸರಿನಲ್ಲಿ ಇಗರ್ಜಿ ಕಟ್ಟಿದರೋ ಅವಳ ಹಬ್ಬ ಬರುವ ಹೊತ್ತಿಗೆ, ಮಳೆಯಾದ ವರ್ಷ, ಅವಳ ಮನೆ ಕಟ್ಟೆಯ ನೀರಿನಲ್ಲಿ ನಿಂತಿರುತ್ತೆ. ಇದನ್ನು ಯಾವ ಕಥೆಗಾರನೂ ಬರೆದಿದ್ದಲ್ಲ. ಪಂಚಾಂಗ ಮತ್ತು ಮುಂಗಾರು ಸೇರಿ ಬರೆದ ಸೀನು.

ಚಪ್ಪಲಿ ಬಿಟ್ಟು ಒಳಗೆ ಬಂದವರು

ಫೆಬ್ರವರಿಯಲ್ಲಿ ಹೋದಾಗ ಅದೇ ಜಾಗವಾ ಅಂತ ಅನುಮಾನ ಬಂತು. ತೆಪ್ಪ ಓಡಿದ ಕಡೆ ದನ ಮೇಯ್ತಿದ್ದವು. ಒಣಗಿ ಬಿರುಕು ಬಿಟ್ಟ ಕೆಸರಿನ ಮೇಲೆ ಬಸವನಹುಳುವಿನ ಚಿಪ್ಪುಗಳು ಕಾಲಡಿ ಕರುಂ ಅಂತಿದ್ದವು. ಗೋಡೆಯ ಮೇಲೆ ನೀರು ನಿಂತು ಇಳಿದ ಗುರುತು ಪಟ್ಟಿ ಪಟ್ಟಿಯಾಗಿ, ಒಂದೊಂದು ಮಟ್ಟಕ್ಕೆ ಒಂದೊಂದು ಬಣ್ಣ. ದೂರದಿಂದ ಸಂಪೂರ್ಣ ಕಂಡಿದ್ದ ಇಗರ್ಜಿ ಹತ್ತಿರದಲ್ಲಿ ಗಾಯಗಳ ಮೂಟೆ. ಕೆಲವು ಕಡೆ ಗೋಡೆ ಬಿದ್ದು ಇಟ್ಟಿಗೆಯ ಗುಡ್ಡೆಯಾಗಿದೆ. ಸೂರಂತೂ ಇಲ್ಲವೇ ಇಲ್ಲ.

ಒಳಗೆ ಐದಾರು ಹುಡುಗರು. ಬೈಕುಗಳಲ್ಲಿ ಬಂದಿದ್ದರು. ಸ್ಪೀಕರಿನಲ್ಲಿ ಹೊಸ ಚಿತ್ರದ ಹಾಡು. ಒಬ್ಬ ಹೀರೋ ಥರ ನಿಧಾನಕ್ಕೆ ನಡೆದು ಬರ್ತಿದ್ದ, ಇನ್ನೊಬ್ಬ ಮೊಬೈಲು ಹಿಡಿದು ಹಿಂದೆ ಹಿಂದೆ ಸರೀತಿದ್ದ. ತಪ್ಪೇನಿಲ್ಲ, ನಮ್ಮ ವಯಸ್ಸೇ ಅಂಥದ್ದು. ಆ ಕಮಾನುಗಳ ಕೆಳಗೆ ನಡೆದರೆ ಯಾರಿಗಾದರೂ ತಾನು ಹೀರೋ ಅನ್ಸುತ್ತೆ.

ಆಗ ಒಬ್ಬ ಯಜಮಾನರು ಬಂದರು. ವಯಸ್ಸು ಎಪ್ಪತ್ತೈದರ ಆಸುಪಾಸು. ಬಿಳಿ ಪಂಚೆ, ಹೆಗಲಲ್ಲಿ ಟವೆಲು, ಕೈಯಲ್ಲಿ ದನ ಅಟ್ಟುವ ಕೋಲು. ಬಾಗಿಲಿದ್ದ ಜಾಗಕ್ಕೆ ಬಂದವರು ನಿಂತರು. ಅಲ್ಲಿ ಬಾಗಿಲಿಲ್ಲ, ಹೊಸ್ತಿಲಿಲ್ಲ, ಒಳಗೂ ಹೊರಗೂ ಒಂದೇ ಮಣ್ಣು. ಆದರೂ ಚಪ್ಪಲಿ ಕಳಚಿ ಒಂದು ಪಕ್ಕಕ್ಕೆ ಜೋಡಿಸಿಟ್ಟು, ಹಣೆ, ಎದೆ, ಭುಜ ಮುಟ್ಟಿಕೊಂಡು ಒಳಗೆ ಬಂದರು.

ಯಾರೂ ಏನೂ ಹೇಳಲಿಲ್ಲ. ಆದರೆ ಸ್ಪೀಕರ್ ಇಟ್ಟುಕೊಂಡಿದ್ದ ಹುಡುಗ ತಾನಾಗೇ ಹಾಡು ನಿಲ್ಲಿಸಿದ. ಇದನ್ನು ಬರೆಯದಿದ್ದರೆ ಆ ಹುಡುಗನಿಗೆ ಅನ್ಯಾಯ ಮಾಡಿದ ಹಾಗಾಗುತ್ತೆ.

ನಾನು ಹೋಗಿ ಮಾತಾಡಿಸಿದೆ. ಯಜಮಾನರಿಗೆ ಇಲ್ಲೇ ಜ್ಞಾನಸ್ನಾನ ಆಗಿದ್ದು. ಅಕ್ಕನ ಮದುವೆಯೂ ಇಲ್ಲೇ. ಹುಡುಗನಾಗಿದ್ದಾಗ ಪೂಜೆಯೆಲ್ಲ ಲ್ಯಾಟಿನ್ ಭಾಷೆಯಲ್ಲಿ. ಕನ್ನಡದಲ್ಲಿ ಪೂಜೆ ಬಂದಿದ್ದು ಆಮೇಲೆ, 1960ರ ದಶಕದಲ್ಲಿ ರೋಮಿನವರು ಆಯಾ ದೇಶದ ಭಾಷೆಗೆ ಒಪ್ಪಿಗೆ ಕೊಟ್ಟ ಮೇಲೆ.

'ಒಂದು ಅಕ್ಸರ ಅರ್ಥ ಆಯ್ತಿರ್ಲಿಲ್ಲ ಕಣಪ್ಪ. ಆದ್ರೂ ಬಾಯಿಪಾಠ. ಸ್ವಾಮಿಯೋರು ಒಂದು ಅಂದ್ರೆ ನಾವು ಒಂದು ಅನ್ನೋದು' ಅಂತ ನಕ್ಕರು. ಆಮೇಲೆ ಕೋಲಿನಿಂದ ತೋರಿಸ್ತಾ ಹೋದರು. 'ಅಲ್ಲಿ ಪೀಠ. ಇತ್ಲಾಗೆ ಹೆಂಗಸ್ರು, ಅತ್ಲಾಗೆ ಗಂಡಸ್ರು. ಗಂಟೆ ಹೊಡುದ್ರೆ ಹೊಲದಾಗೆ ಕುಯ್ಲು ಮಾಡೋರ್ಗೆ ಕೇಳೋದು.'

ಕೋಲು ತಿರುಗಿದ ಕಡೆಯೆಲ್ಲ ನಾನು ನೋಡಿದೆ. ನನಗೆ ಕಂಡಿದ್ದು ಹುಲ್ಲು. ಅವರಿಗೆ ಜನ ಕಾಣ್ತಿದ್ದರು.

'ಆಗಿನ ಫೋಟೋ ಏನಾದ್ರೂ ಮನೇಲಿ ಇದೆಯಾ ಯಜಮಾನ್ರೇ?' ಅಂತ ಕೇಳಿದೆ.

ಅವರು ನನ್ನ ಕ್ಯಾಮೆರಾ ನೋಡಿದರು, ಹುಡುಗರ ಮೊಬೈಲು ನೋಡಿದರು. 'ಆಗ ಯಾರ್ ತಾವ ಇತ್ತಪ್ಪ ಕ್ಯಾಮ್ರಾ? ಈಗ ವಾರಕ್ಕೆ ನೂರು ಜನ ಬಂದು ಪಟ ಹಿಡೀತಾರೆ. ಸೂರಿದ್ದಾಗಿನ ಪಟ ಒಂದೂ ನಮ್ಮನೇಲಿಲ್ಲ. ಮೊಮ್ಮಗಳು ಕೇಳ್ತಾಳೆ, ತಾತಾ ಹೆಂಗಿತ್ತು ಅಂತ. ನಾನು ಬಾಯಲ್ಲಿ ಏಳ್ಬೇಕು.'

ಮಿತ್ರರೇ, ಈ ಮಾತು ಕೇಳಿದ ಮೇಲೆ ಕ್ಯಾಮೆರಾದ ತೂಕ ಬೇರೆ ಥರ ಅನ್ನಿಸ್ತು. ಉಸಿರಿದ್ದಾಗ ಈ ಇಗರ್ಜಿಗೆ ಈ ಮನೆಯವರು ತೆಗೆದ ಒಂದು ಪಟ ಇಲ್ಲ. ಉಸಿರು ನಿಂತ ಮೇಲೆ ಲೆಕ್ಕವಿಲ್ಲದಷ್ಟು! ಅದರಲ್ಲೂ ಈ ಗೋಡೆಗಳು ಸದಾ ಹಿನ್ನೆಲೆ. ಮುಂದೆ ನಿಂತವರೇ ಹೀರೋ, ಹೀರೋಯಿನ್. ಇದು ಯಾರದೋ ಊರು, ಯಾರೋ ಮಂಡಿಯೂರಿದ ಜಾಗ ಅನ್ನೋದು ಫ್ರೇಮಿನೊಳಗೆ ಬರೋದೇ ಇಲ್ಲ.

'ನಿಮಗೆ ಜ್ಞಾನಸ್ನಾನ ಆದ ಕಡೆ ಹೋಗಿ ನಿಲ್ತೀರಾ?' ಅಂದೆ. ಹೋಗಿ ನಿಂತರು. ಟವೆಲು ತೆಗೆದು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು. ಬೆಳಕು ಕಮಾನಿನಿಂದ ಓರೆಯಾಗಿ ಬಂದು ಅವರ ಪಾದದ ಹತ್ತಿರ ಬಿದ್ದಿತ್ತು. ಮೂರು ಫೋಟೋ ತೆಗೆದೆ. ನಗಿ ಅನ್ನಲಿಲ್ಲ, ಅವರೂ ನಗಲಿಲ್ಲ. ಹುಡುಗರು ಗೋಡೆ ಪಕ್ಕಕ್ಕೆ ಸರಿದು ಫ್ರೇಮು ಬಿಟ್ಟುಕೊಟ್ಟರು.

ಊರಿಗೆ ಬಂದು ಅದನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ ಅಂಚೆಯಲ್ಲಿ ಕಳಿಸಿದೆ. ಹತ್ತು ದಿನಕ್ಕೆ ಮೊಮ್ಮಗಳ ಫೋನಿನಿಂದ ಯಜಮಾನರ ದನಿ: 'ಗ್ವಾಡೆ ಚೆಂದಾಗಿ ಬಂದೈತೆ ಕಣಪ್ಪ. ಮುದುಕ ಮಾತ್ರ ಸುಮಾರಾಗವ್ನೆ.'

ಎಷ್ಟು ದಿನ?

ಇದು ಎಷ್ಟು ದಿನ ನಿಂತೀತು ಅಂತ ಕೇಳ್ತೀರಿ. ತಾರೀಕು ಹೇಳುವವರಿಲ್ಲ. ಆದರೆ ಬೀಳುವುದು ಹೇಗೆ ಅಂತ ನೋಡಿದರೆ ತಿಳಿಯುತ್ತೆ. ಇಟ್ಟಿಗೆ ನೀರು ಕುಡಿಯುತ್ತೆ. ತಿಂಗಳುಗಟ್ಟಲೆ ನೆಂದು, ಆಮೇಲೆ ಬಿಸಿಲಿಗೆ ಒಣಗುತ್ತೆ. ಒಣಗುವಾಗ ಒಳಗಿನ ಉಪ್ಪು ಹೊರಗೆ ಬಂದು ಹರಳುಗಟ್ಟಿ ಇಟ್ಟಿಗೆಯ ಮೈಯನ್ನು ಪುಡಿ ಪುಡಿ ಮಾಡುತ್ತೆ. ಸಂದಿನ ಸುಣ್ಣವನ್ನು ಅಲೆ ತೊಳೆಯುತ್ತೆ. ಸೂರಿಲ್ಲದ್ದರಿಂದ ಮೇಲಿನಿಂದ ಮಳೆ, ಬಿರುಕಿನಲ್ಲಿ ಗಿಡದ ಬೇರು. ಸದಾ ನೀರಲ್ಲೇ ಇದ್ದಿದ್ದರೆ ಅಥವಾ ಸದಾ ಒಣಗೇ ಇದ್ದಿದ್ದರೆ ಇಷ್ಟು ಕಷ್ಟವಿರಲಿಲ್ಲ. ಈ ನೆನೆಯೋದು, ಒಣಗೋದು, ಮತ್ತೆ ನೆನೆಯೋದೇ ಯಮ.

ಬೇರೆ ಕಡೆಗೆ ಸಾಗಿಸಬಾರದಾ? ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಎತ್ತರದ ದಡಕ್ಕೆ ತಂದು ಮತ್ತೆ ಜೋಡಿಸಿದ್ದಾರೆ. ಹೋಗಿ ನೋಡಬಹುದು. ಆದರೆ ಅದು ಕಲ್ಲು. ಬಿಚ್ಚಿ ಜೋಡಿಸಿದರೆ ಅದೇ ಗುಡಿ. ಇಟ್ಟಿಗೆ, ಗಾರೆಯ ಗೋಡೆಯನ್ನು ಬಿಚ್ಚಿದರೆ ಕೈಗೆ ಬರೋದು ಬರೀ ಪುಡಿ.

ಇನ್ನು ನೀರಿಗಿಂತ ಜೋರಾದ ಒಂದು ಪ್ರಾಣಿ ಇದೆ. ನಾವೇ! ಕೈಗೆಟುಕುವ ಎತ್ತರದಲ್ಲೆಲ್ಲ ಹೆಸರುಗಳು. ಹೃದಯ, ಬಾಣ, ಇಂಗ್ಲಿಷ್ ಅಕ್ಷರ. ಮೆತ್ತಗಾದ ಇಟ್ಟಿಗೆಯನ್ನು ಕಲ್ಲಿನಿಂದ ಗೀರಿದರೆ ಸಾಕು, ಬೆಣ್ಣೆ ಹಾಗೆ ಬರುತ್ತೆ. ಮೇಲೆ ಹತ್ತಿ ಕಮಾನಿನಲ್ಲಿ ಕೂತು ಪೋಸು ಕೊಡುವವರದು ಇನ್ನೊಂದು ಪ್ರತಾಪ. ಗೋಡೆ ಬಿದ್ದರೆ ಎರಡನೇ ಟೇಕ್ ಇರೋದಿಲ್ಲ, ಗೋಡೆಗೂ ಇಲ್ಲ, ಅವರಿಗೂ ಇಲ್ಲ. ಹುಡುಗಿಯ ಹೆಸರು ಉಳೀಬೇಕು ಅಂತ ಅಷ್ಟು ಆಸೆಯಿದ್ದರೆ ಮದುವೆ ಕಾರ್ಡಿನಲ್ಲಿ ಹಾಕಿಸಿ ಸ್ವಾಮೀ!

ಹೋಗೋರಿಗೆ

ಬೆಂಗಳೂರಿನಿಂದ ಹಾಸನಕ್ಕೆ ಸುಮಾರು 180 ಕಿಲೋಮೀಟರು. ಬಸ್ಸೂ ಇದೆ, ರೈಲೂ ಇದೆ. ಹಾಸನದಿಂದ ಮುಂದಕ್ಕೆ ಬೈಕು ಅಥವಾ ಆಟೋ ಅನುಕೂಲ. ಹಳ್ಳಿ ಬಸ್ಸು ನಂಬಿಕೊಂಡರೆ ವಾಪಸ್ಸಿನ ವೇಳೆ ಮೊದಲೇ ಕೇಳಿಟ್ಟುಕೊಳ್ಳಿ. ನೀರಿನ ವೇಷ ಬೇಕಾದರೆ ಆಗಸ್ಟಿನಿಂದ ಅಕ್ಟೋಬರ್, ಒಳಗೆ ನಡೆದಾಡಬೇಕಾದರೆ ಜನವರಿಯಿಂದ ಮೇ. ಹೊರಡುವ ಮುಂಚೆ ಪತ್ರಿಕೆಯಲ್ಲಿ ಹೇಮಾವತಿ ಜಲಾಶಯದ ಮಟ್ಟ ನೋಡಿ. 2922ಕ್ಕೆ ಹತ್ತಿರ ಇದ್ದರೆ ನೀರು, ತುಂಬ ಕೆಳಗಿದ್ದರೆ ನೆಲ. ಕುಡಿಯುವ ನೀರು, ತಿಂಡಿ ಜೊತೆಗಿರಲಿ. ತಂದ ಪ್ಲಾಸ್ಟಿಕ್ಕು ನಿಮ್ಮ ಜೊತೆಗೇ ವಾಪಸ್ಸು ಬರಲಿ.

ಫೋಟೋ ಧಾರಾಳವಾಗಿ ತೆಗೀರಿ. ನಿಮ್ಮದೊಂದು ತೆಗೆದ ಮೇಲೆ ಗೋಡೆಯದೂ ಒಂದು ತೆಗೀರಿ, ಮುಂದೆ ಯಾರೂ ನಿಲ್ಲದ ಹಾಗೆ. ಹಿಂದೆ ತಾರೀಕು ಬರೆದಿಡಿ. ಮುಂದಿನ ವರ್ಷ ಆ ಗೋಡೆ ಅಲ್ಲಿರುತ್ತೋ ಇಲ್ಲವೋ.

ಕೊನೆಯದಾಗಿ ಒಂದು ಕೋರಿಕೆ. ಈ ಪತ್ರಿಕೆ ಹಾಸನ, ಸಕಲೇಶಪುರ, ಆಲೂರು, ಅರಕಲಗೂಡು ಬಸ್ ಸ್ಟ್ಯಾಂಡುಗಳಲ್ಲೂ ಮಾರಾಟವಾಗುತ್ತೆ. ನಿಮ್ಮ ತಾತನ ಟ್ರಂಕಿನಲ್ಲೋ, ಯಾವುದಾದರೂ ಹಳೇ ಸ್ಟುಡಿಯೋದ ನೆಗೆಟಿವ್ ಡಬ್ಬಿಯಲ್ಲೋ 1979ಕ್ಕೆ ಮುಂಚಿನ ಶೆಟ್ಟಿಹಳ್ಳಿ ಇಗರ್ಜಿಯ ಪಟ ಇರಬಹುದು. ಮದುವೆ ಗುಂಪಿನ ಹಿಂದೆ ಮಸುಕಾಗಿ ಕಂಡರೂ ಸಾಕು. ಸಿಕ್ಕರೆ ಪತ್ರಿಕೆಯ ವಿಳಾಸಕ್ಕೆ ಒಂದು ಪ್ರತಿ ಕಳಿಸಿ. ಶೆಟ್ಟಿಹಳ್ಳಿಯಲ್ಲಿ ಒಬ್ಬ ಮೊಮ್ಮಗಳಿಗೆ ತೋರಿಸಬೇಕಾಗಿದೆ.